ಉರಿ ಬೇಸಿಗೆಯಲ್ಲಿ ಆಂಬ್ಯುಲೆನ್ಸ್ ಪಾಳಿ: ಅಗ್ನಿಶಾಮಕ ದಳದ ಸಿಬ್ಬಂದಿಗೆ ಹಂತ ಹಂತದ ಮಾರ್ಗದರ್ಶಿ

ಬಿಸಿಲು ಏರತೊಡಗಿದರೆ ಆಂಬ್ಯುಲೆನ್ಸ್ ಸಿಬ್ಬಂದಿ ಕೇಳುವ ಪ್ರಶ್ನೆಗಳು ಪ್ರತಿ ವರ್ಷ ಅವೇ. ವಾಹನದ ಹಿಂಭಾಗದ ಏಸಿ ಯಾಕೆ ತಣ್ಣಗಾಗುವುದಿಲ್ಲ? ಔಷಧಿ ಪೆಟ್ಟಿಗೆ ಕಾದು ಹೋಗಿದ್ದರೆ ಒಳಗಿನ ಔಷಧಿ ಬಳಸಬಹುದೇ? ಶಾಖಾಘಾತ (ಹೀಟ್ ಸ್ಟ್ರೋಕ್) ಆದವರನ್ನು ಮೊದಲು ತಂಪು ಮಾಡಬೇಕೋ, ಆಸ್ಪತ್ರೆಗೆ ಓಡಿಸಬೇಕೋ? ನಾವು ಎಷ್ಟು ನೀರು ಕುಡಿಯಬೇಕು? ಇವಕ್ಕೆಲ್ಲ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಬರಹ.

ಫೀನಿಕ್ಸ್, ನ್ಯೂಯಾರ್ಕ್, ಲಾಸ್ ಏಂಜಲೀಸ್, ಶಿಕಾಗೊದಂಥ ಅಮೆರಿಕದ ಮಹಾನಗರಗಳಲ್ಲಿ ಅಗ್ನಿಶಾಮಕ ಇಲಾಖೆಯೇ ಆಂಬ್ಯುಲೆನ್ಸ್ ಓಡಿಸುತ್ತದೆ. ಅಲ್ಲಿನ ಸಿಬ್ಬಂದಿಗೆ ಬೇಸಿಗೆಯಲ್ಲಿ ಎರಡು ಕೆಲಸ: ಬೀದಿಯಲ್ಲಿ ಬಿಸಿಲಿಗೆ ಬಿದ್ದವರನ್ನು ಎತ್ತಿಕೊಳ್ಳುವುದು, ಬೆಂಕಿ ನಂದಿಸಿ ಬಸವಳಿದ ತಮ್ಮವರನ್ನೇ ನೋಡಿಕೊಳ್ಳುವುದು. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ತಾಪಮಾನ 43 ಡಿಗ್ರಿ ದಾಟಿತ್ತು. ಆ ನಗರವಿರುವ ಮಾರಿಕೋಪಾ ಕೌಂಟಿಯಲ್ಲಿ ಆ ವರ್ಷ ಬಿಸಿಲಿಗೆ ಸಂಬಂಧಿಸಿದ ಸಾವು 645. ಮರು ಬೇಸಿಗೆಯಿಂದ ಅಲ್ಲಿನ ಅಗ್ನಿಶಾಮಕ ದಳ ರೋಗಿಯನ್ನು ಐಸ್ ನೀರಿನ ಚೀಲದಲ್ಲಿ ಮಲಗಿಸಿ ತಂಪು ಮಾಡುವ ಪದ್ಧತಿ ತಂದಿತು. ಆ ವಿಧಾನ 6ನೇ ಹಂತದಲ್ಲಿದೆ.

ಇಲ್ಲಿ ಹೇಳಿದ ತಾಪಮಾನವೆಲ್ಲ ಸೆಲ್ಸಿಯಸ್‌ನಲ್ಲಿದೆ. ಔಷಧಿ, ಡ್ರಿಪ್, ತಂಪು ಮಾಡುವ ಕ್ರಮದ ವಿಷಯದಲ್ಲಿ ನಿಮ್ಮ ಇಲಾಖೆಯ ವೈದ್ಯಾಧಿಕಾರಿ ಕೊಟ್ಟ ಲಿಖಿತ ಸೂಚನೆಯೇ ಅಂತಿಮ.

ಬೇಸಿಗೆಗೆಂದು ಹೆಚ್ಚುವರಿಯಾಗಿ ಬೇಕಾದವು

- ಗರಿಷ್ಠ ಮತ್ತು ಕನಿಷ್ಠ ತಾಪಮಾನ ದಾಖಲಿಸುವ ಥರ್ಮಾಮೀಟರ್ ಎರಡು: ಒಂದು ಔಷಧಿ ಪೆಟ್ಟಿಗೆಗೆ, ಇನ್ನೊಂದು ರೋಗಿಯ ಕೋಣೆಗೆ
- ಗುದದ್ವಾರದಲ್ಲಿ ಇಡುವ ಥರ್ಮಾಮೀಟರ್, 42 ಡಿಗ್ರಿಗಿಂತ ಮೇಲಕ್ಕೂ ಓದುವಂಥದ್ದು
- ನೀರು ಸೋರದ, ಜಿಪ್ ಇರುವ ದೊಡ್ಡ ಚೀಲ (ಶವ ಸಾಗಿಸಲು ಬಳಸುವ ಗಟ್ಟಿ ಚೀಲವೇ ಆಗುತ್ತದೆ)
- ಐಸ್‌ಬಾಕ್ಸ್, ಅದರಲ್ಲಿ 15ರಿಂದ 20 ಕಿಲೋ ಐಸ್. 20 ಲೀಟರ್ ನೀರಿನ ಕ್ಯಾನ್ ಎರಡು
- ದಪ್ಪ ಬೆಡ್‌ಶೀಟ್, ಟವೆಲ್, ಮೊಣಕಾಲಿಗೆ ಹಾಕಿಕೊಳ್ಳುವ ಮೆತ್ತೆ
- ಕುಡಿಯುವ ನೀರು, ಓಆರ್‌ಎಸ್ ಪೊಟ್ಟಣ

ಹಂತ 1: ವಾಹನ

ಮೊದಲು ಏಸಿ. ಆಂಬ್ಯುಲೆನ್ಸ್‌ನಲ್ಲಿ ರೋಗಿಯ ಕೋಣೆಗೆ ಬೇರೆಯೇ ಬ್ಲೋವರ್ ಮತ್ತು ತಂಪು ಕಾಯಿಲ್ ಇರುತ್ತದೆ, ಆದರೆ ಸಾಮಾನ್ಯವಾಗಿ ಕಂಪ್ರೆಸರ್ ಮುಂದಿನದಕ್ಕೂ ಹಿಂದಿನದಕ್ಕೂ ಒಂದೇ. ವಾಹನ ನಿಂತಿದ್ದಾಗ ಎಂಜಿನ್ ನಿಧಾನವಾಗಿ ತಿರುಗುವುದರಿಂದ ಕಂಪ್ರೆಸರ್ ಕೂಡ ನಿಧಾನ. ಕಂಡೆನ್ಸರ್‌ಗೆ, ಅಂದರೆ ಬಿಸಿಯನ್ನು ಹೊರಗೆ ಬಿಡುವ ಜಾಲರಿಗೆ, ಓಡುವಾಗ ಬಡಿಯುವ ಗಾಳಿಯೂ ಇಲ್ಲ. ಓಡುವಾಗ ತಣ್ಣಗಿದ್ದ ಕೋಣೆ ನಿಂತ ಹತ್ತೇ ನಿಮಿಷದಲ್ಲಿ ಬೇಯುವುದು ಹೀಗೆ. ಪಾರ್ಕಿಂಗ್‌ನಲ್ಲಿ ಎಂಜಿನ್ ವೇಗ ಹೆಚ್ಚಿಸುವ ಹೈ ಐಡಲ್ ಸ್ವಿಚ್ ಇದ್ದರೆ ಸ್ಥಳದಲ್ಲಿ ನಿಂತಾಗಲೆಲ್ಲ ಹಾಕಿ.

ಪಾಳಿಯ ಆರಂಭದಲ್ಲೇ ಪರೀಕ್ಷಿಸಿ: ಎಂಜಿನ್ ಓಡಿಸಿ, ಏಸಿ ಪೂರ್ತಿ ಹಾಕಿ, 10 ನಿಮಿಷ ಬಿಟ್ಟು, ಹಿಂದಿನ ಏಸಿ ಎಳೆದುಕೊಳ್ಳುವ ಗಾಳಿಯ ತಾಪ ಮತ್ತು ಕಿಂಡಿಯಿಂದ ಹೊರಬರುವ ಗಾಳಿಯ ತಾಪ ಎರಡನ್ನೂ ಅಳೆಯಿರಿ. ವ್ಯತ್ಯಾಸ 8ರಿಂದ 11 ಡಿಗ್ರಿ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಮೊದಲು ಫಿಲ್ಟರ್ ನೋಡಿ, ನಂತರ ಕಂಡೆನ್ಸರ್ ಜಾಲರಿಯ ಧೂಳು ನೋಡಿ. ತೊಳೆಯುವಾಗ ಮೆಲ್ಲಗೆ ಬೀಳುವ ನೀರು ಸಾಕು. ಪ್ರೆಷರ್ ವಾಷರ್ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ಇವೆರಡೂ ಸರಿಯಿದ್ದರೂ ತಣ್ಣಗಾಗದಿದ್ದರೆ ಗ್ಯಾಸ್ ಅಥವಾ ಫ್ಯಾನ್ ಸಮಸ್ಯೆ, ವರ್ಕ್‌ಶಾಪ್‌ಗೆ ಕಳಿಸಿ.

ಹಲವರು ಗಮನಿಸದ ತಪ್ಪೊಂದಿದೆ. ರೋಗಿಯ ಕೋಣೆಯ ಎಕ್ಸಾಸ್ಟ್ ಫ್ಯಾನ್ ಸದಾ ಓಡುತ್ತಿದ್ದರೆ ತಂಪು ಗಾಳಿಯೆಲ್ಲ ಹೊರಗೆ, ಬೀದಿಯ ಕಾದ ಗಾಳಿ ಒಳಗೆ. ಗಾಳಿಯಿಂದ ಹರಡುವ ಸೋಂಕಿನ ರೋಗಿ ಇದ್ದಾಗ ಅದು ಓಡಲೇಬೇಕು, ಉಳಿದಾಗ ಆರಿಸಿ. ಹಿಂಬಾಗಿಲನ್ನು ಸ್ಟ್ರೆಚರ್ ಹಾಕುವಾಗ, ತೆಗೆಯುವಾಗ ಮಾತ್ರ ತೆರೆಯಿರಿ.

ಠಾಣೆಯಲ್ಲಿದ್ದಾಗ ವಾಹನವನ್ನು ಕರೆಂಟ್ ಪ್ಲಗ್‌ಗೆ ಜೋಡಿಸಿಡಿ. ಬ್ಯಾಟರಿ ಚಾರ್ಜ್ ಆಗುತ್ತಿರುತ್ತದೆ, ಔಷಧಿ ಫ್ರಿಜ್ ಓಡುತ್ತಿರುತ್ತದೆ. ಬ್ಯಾಟರಿ ಒಳಗೊಳಗೇ ಹಾಳಾಗುವುದು ಬೇಸಿಗೆಯ ಬಿಸಿಯಲ್ಲೇ. ಸ್ಟಾರ್ಟ್ ಆಗಲು ತಡವರಿಸಿದ ಮೊದಲ ದಿನವೇ ಪರೀಕ್ಷೆ ಮಾಡಿಸಿ.

ಟೈರಿನ ಗಾಳಿಯನ್ನು ಓಡಿಸುವ ಮೊದಲು, ಟೈರ್ ತಣ್ಣಗಿದ್ದಾಗಲೇ ನೋಡಿ. ಓಡಿ ಬಂದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸುವುದು ಸಹಜ, ಆಗ ಗಾಳಿ ಬಿಡಬೇಡಿ. ಕಾದ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಡೀಸೆಲ್ ವಾಹನವನ್ನು ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ: ಹೊಗೆಯ ಫಿಲ್ಟರ್ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳುವಾಗ ಸೈಲೆನ್ಸರ್ ಹುಲ್ಲಿಗೆ ಬೆಂಕಿ ಹಚ್ಚುವಷ್ಟು ಕಾಯುತ್ತದೆ.

ಹಂತ 2: ಔಷಧಿ ಪೆಟ್ಟಿಗೆ

ಆಂಬ್ಯುಲೆನ್ಸ್‌ನ ಬಹುತೇಕ ಔಷಧಿಗಳ ಮೇಲೆ 20ರಿಂದ 25 ಡಿಗ್ರಿಯಲ್ಲಿ ಇಡಿ ಎಂದು ಬರೆದಿರುತ್ತದೆ. ಸ್ವಲ್ಪ ಕಾಲ 15ರಿಂದ 30ರವರೆಗೆ ಏರಿಳಿದರೆ ಪರವಾಗಿಲ್ಲ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ವಾಹನದ ಒಳಗೆ ಮೊದಲ ಹತ್ತು ನಿಮಿಷದಲ್ಲೇ ಸುಮಾರು 10 ಡಿಗ್ರಿ, ಒಂದು ಗಂಟೆಯಲ್ಲಿ 20ಕ್ಕೂ ಹೆಚ್ಚು ಡಿಗ್ರಿ ಏರುತ್ತದೆ. ಹೊರಗೆ 40 ಇದ್ದರೆ ಒಳಗೆ 60. ನೀವು ಆಸ್ಪತ್ರೆಯಲ್ಲಿ ರೋಗಿಯನ್ನು ಒಪ್ಪಿಸಿ ಕಾಗದಪತ್ರ ಮುಗಿಸುವಷ್ಟರಲ್ಲಿ ಪೆಟ್ಟಿಗೆ ಮಿತಿ ದಾಟಿರುತ್ತದೆ.

ಮಾಡಬೇಕಾದ್ದು ಇಷ್ಟು:

ಥರ್ಮಾಮೀಟರನ್ನು ಔಷಧಿ ಪೆಟ್ಟಿಗೆಯ ಒಳಗೇ, ಬಾಟಲಿಗಳ ನಡುವೆ ಇಡಿ. ಗೋಡೆಗೆ ಅಂಟಿಸಿದರೆ ಅದು ಗೋಡೆಯ ತಾಪ ಹೇಳುತ್ತದೆ, ಔಷಧಿಯದ್ದಲ್ಲ. ಪಾಳಿ ಬದಲಾದಾಗಲೆಲ್ಲ ಗರಿಷ್ಠ ತಾಪ ಓದಿ, ಬರೆದು, ರೀಸೆಟ್ ಒತ್ತಿ. ರೀಸೆಟ್ ಮಾಡದಿದ್ದರೆ ಹಳೆಯ ಗರಿಷ್ಠವೇ ಉಳಿದು ಯಾವ ಪಾಳಿಯಲ್ಲಿ ಕಾಯಿತು ಎಂಬುದೇ ತಿಳಿಯುವುದಿಲ್ಲ.

ಫ್ರಿಜ್ ಬೇಕಾದವನ್ನು ಬೇರೆ ಇಡಿ. ಫಿಟ್ಸ್ ನಿಲ್ಲಿಸುವ ಲೊರಾಜೆಪಾಮ್, ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಮತ್ತು ರೋಕುರೋನಿಯಂ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದವು. ಕೋಣೆಯ ತಾಪದಲ್ಲಿ ರೋಕುರೋನಿಯಂಗೆ 60 ದಿನ, ಸಕ್ಸಿನೈಲ್‌ಕೋಲಿನ್‌ನ ಬಹುಬಳಕೆ ಬಾಟಲಿಗೆ 14 ದಿನ ಅವಕಾಶ. ಇಲ್ಲಿ ಕೋಣೆಯ ತಾಪ ಅಂದರೆ 25 ಡಿಗ್ರಿ, ಕಾದ ವಾಹನದ ತಾಪವಲ್ಲ. ಫ್ರಿಜ್‌ನಿಂದ ತೆಗೆದ ದಿನಾಂಕವನ್ನು ಬಾಟಲಿಯ ಮೇಲೇ ಬರೆಯಿರಿ. ಫಿಟ್ಸ್‌ಗೆ ಮಿಡಜೋಲಾಮ್ ಬಳಸಲು ನಿಮ್ಮಲ್ಲಿ ಅನುಮತಿ ಇದ್ದರೆ ಬೇಸಿಗೆಯಲ್ಲಿ ಅದೇ ವಾಸಿ. ಅದಕ್ಕೆ ಫ್ರಿಜ್ ಬೇಡ.

ಬಣ್ಣ ನೋಡಿ ಔಷಧಿ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಅಡ್ರಿನಲಿನ್ ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ, ಸರಿ. ಆದರೆ ತಿಳಿಯಾಗಿಯೇ ಕಾಣುವ ಅಡ್ರಿನಲಿನ್ ಕೂಡ ಶಕ್ತಿ ಕಳೆದುಕೊಂಡಿರಬಹುದು. ನಿರ್ಧಾರಕ್ಕೆ ಆಧಾರ ತಾಪಮಾನದ ದಾಖಲೆ. ಮಿತಿ ಮೀರಿದ ಪೆಟ್ಟಿಗೆಯನ್ನು ಬದಿಗಿಟ್ಟು ಫಾರ್ಮಸಿಯವರನ್ನು ಕೇಳಿ.

ಐಸ್ ಪ್ಯಾಕ್ ಮೇಲೆ ನೇರವಾಗಿ ಆಂಪ್ಯೂಲ್ (ಔಷಧಿಯ ಪುಟ್ಟ ಗಾಜಿನ ಸೀಸೆ) ಇಡುವುದು ಸಾಮಾನ್ಯವಾಗಿ ಕಾಣುವ ಇನ್ನೊಂದು ತಪ್ಪು. ಹೆಪ್ಪುಗಟ್ಟಿದರೆ ಗಾಜು ಬಿರುಕು ಬಿಡುತ್ತದೆ, ಕೆಲವು ಔಷಧಿ ಕೆಟ್ಟೇ ಹೋಗುತ್ತವೆ. ನಡುವೆ ದಪ್ಪ ಟವೆಲ್ ಇರಲಿ. ಎಲ್ಲಕ್ಕಿಂತ ಸರಳ ಉಪಾಯ: ಏಸಿ ಆರಿಸಿ ವಾಹನ ಬಿಟ್ಟು ಹೋಗುವಾಗ ಪೆಟ್ಟಿಗೆಯನ್ನು ಕೈಯಲ್ಲೇ ಒಳಗೆ ಒಯ್ಯಿರಿ. ನಿಯಂತ್ರಿತ ಔಷಧಿಗಳಿಗೆ ಬೀಗದ ನಿಯಮ ಆಗಲೂ ಅನ್ವಯಿಸುತ್ತದೆ ಎಂಬುದು ನೆನಪಿರಲಿ.

ಸಲೈನ್ ಬಾಟಲಿಗಳೂ ಕಪಾಟಿನಲ್ಲಿ ಕಾಯುತ್ತವೆ. ಮೈ ಸುಡುತ್ತಿರುವ ರೋಗಿಗೆ 45 ಡಿಗ್ರಿಯ ಸಲೈನ್ ಏರಿಸಿದರೆ ನಮ್ಮ ಕೈಯಾರೆ ಬಿಸಿ ತುಂಬಿದಂತೆ. ಎರಡು ಬಾಟಲಿ ಐಸ್‌ಬಾಕ್ಸ್ ಪಕ್ಕದಲ್ಲಿ ಇರಲಿ.

ಹಂತ 3: ಉಪಕರಣ

ರಕ್ತದ ಸಕ್ಕರೆ ಅಳೆಯುವ ಸ್ಟ್ರಿಪ್ ಸಾಮಾನ್ಯವಾಗಿ 30 ಡಿಗ್ರಿಯ ಮೇಲೆ ಇಡಬಾರದು. ಡಬ್ಬಿಯ ಮೇಲಿನ ಮಿತಿ ನೋಡಿ, ಔಷಧಿ ಪೆಟ್ಟಿಗೆಯಲ್ಲೇ ಇಡಿ. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್‌ನ ಪ್ಯಾಡ್ 50 ಡಿಗ್ರಿವರೆಗೆ ತಾಳಬಹುದು, ಆದರೆ ಡ್ಯಾಶ್‌ಬೋರ್ಡ್ ಬಳಿ ಬಿದ್ದಿದ್ದರೆ ಜೆಲ್ ಒಣಗಿ ಅಂಟುವುದಿಲ್ಲ. ಬೆವರಿದ ಎದೆಗೆ ಪ್ಯಾಡ್ ಹಾಕುವ ಮುನ್ನ ಒಣ ಟವೆಲ್‌ನಿಂದ ಒತ್ತಿ ಒರೆಸಿ. ಡ್ರಿಪ್ ಸೂಜಿಯ ಟೇಪ್ ಕೂಡ ಬೆವರಿಗೆ ಜಾರುತ್ತದೆ, ಸುತ್ತಲೂ ಬ್ಯಾಂಡೇಜ್ ಸುತ್ತಿ. ಬಿಸಿಲಿನಲ್ಲಿ ಆಕ್ಸಿಮೀಟರ್ ತಪ್ಪು ತೋರಿಸಿದರೆ ಬೆರಳ ಮೇಲೆ ಬಟ್ಟೆ ಮುಚ್ಚಿ ಮತ್ತೆ ನೋಡಿ.

ಆಮ್ಲಜನಕದ ಗೇಜ್ ಬಗ್ಗೆ ಎಚ್ಚರ. 15 ಡಿಗ್ರಿಯಲ್ಲಿ ತುಂಬಿದ ಸಿಲಿಂಡರ್ 45 ಡಿಗ್ರಿಗೆ ಕಾದರೆ ಒತ್ತಡ ಸುಮಾರು ಶೇ 10 ಹೆಚ್ಚು ತೋರುತ್ತದೆ. ಒಳಗಿನ ಆಮ್ಲಜನಕ ಒಂದು ಲೀಟರೂ ಹೆಚ್ಚಾಗಿರುವುದಿಲ್ಲ. ಬದಲಿಸುವ ಗಡಿಯನ್ನು ಬೇಸಿಗೆಯಲ್ಲಿ ಸ್ವಲ್ಪ ಮೇಲಕ್ಕೆ ಇಟ್ಟುಕೊಳ್ಳಿ. ಸಿಲಿಂಡರ್ 52 ಡಿಗ್ರಿ ಮೀರಬಾರದು. ಸನ್‌ಸ್ಕ್ರೀನ್ ಹಚ್ಚಿದ ಜಿಡ್ಡು ಕೈಯಿಂದ ರೆಗ್ಯುಲೇಟರ್ ಮುಟ್ಟಬೇಡಿ; ಜಿಡ್ಡು ಮತ್ತು ಒತ್ತಡದ ಆಮ್ಲಜನಕ ಸೇರಿದರೆ ಹೊತ್ತಿಕೊಳ್ಳುತ್ತದೆ.

ಸ್ಟ್ರೆಚರ್ ಬಿಸಿಲಲ್ಲಿ ನಿಂತಿದ್ದರೆ ಬೆಲ್ಟಿನ ಲೋಹದ ಬಕಲ್ ಚರ್ಮ ಸುಡುತ್ತದೆ. ಮಲಗಿಸುವ ಮೊದಲು ನಿಮ್ಮ ಮುಂಗೈಯಿಂದ ಮುಟ್ಟಿ ನೋಡಿ, ಶೀಟ್ ಹಾಸಿ.

ಹಂತ 4: ನಿಮ್ಮ ಮೈ

ಬಿಸಿಗೆ ದೇಹ ಒಗ್ಗಲು 7ರಿಂದ 14 ದಿನ ಬೇಕು. ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸ ಶೇ 20ರಷ್ಟು ಮಾತ್ರ, ನಂತರ ದಿನಕ್ಕೆ ಶೇ 20 ಏರಿಕೆ. ಮೊದಲೇ ಅನುಭವವಿದ್ದು ರಜೆಯಿಂದ ಮರಳಿದವರಿಗೆ ಶೇ 50, 60, 80, ನಾಲ್ಕನೇ ದಿನ ಪೂರ್ತಿ. ಒಂದು ವಾರ ಏಸಿಯಲ್ಲಿ ಕಳೆದು ಬಂದ ಹಿರಿಯ ಸಿಬ್ಬಂದಿ ತಮಗೆ ಇದು ಅಗತ್ಯವಿಲ್ಲ ಎಂದುಕೊಳ್ಳುವುದುಂಟು. ಒಗ್ಗಿಕೊಂಡದ್ದು ಅಷ್ಟರಲ್ಲೇ ಕರಗತೊಡಗಿರುತ್ತದೆ.

ನೀರು: ಬಿಸಿಲಲ್ಲಿ ದುಡಿಯುವಾಗ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 240 ಮಿಲಿ. ಗಂಟೆಗೆ ಒಂದೂವರೆ ಲೀಟರ್ ಮೀರಬೇಡಿ. ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಬರುತ್ತದೆ; ಅದೂ ಜೀವಕ್ಕೆ ಅಪಾಯ, ಮೇಲ್ನೋಟಕ್ಕೆ ಬಿಸಿಲಿನ ಬಳಲಿಕೆಯಂತೆಯೇ ಕಾಣುತ್ತದೆ. ಎರಡು ಗಂಟೆಗೂ ಮೀರಿ ಬೆವರಿದರೆ ಓಆರ್‌ಎಸ್ ಸೇರಿಸಿ, ಊಟ ತಪ್ಪಿಸಬೇಡಿ.

ಅಲರ್ಜಿ ಮಾತ್ರೆ, ಬಿಪಿಗೆ ಕೊಡುವ ನೀರಿಳಿಸುವ ಮಾತ್ರೆ, ಬೀಟಾ ಬ್ಲಾಕರ್, ಕೆಲವು ಮಾನಸಿಕ ರೋಗದ ಔಷಧಿ ದೇಹ ತಂಪಾಗುವುದಕ್ಕೆ ಅಡ್ಡಿ ಮಾಡುತ್ತವೆ. ಇವನ್ನು ಸೇವಿಸುವವರು ವೈದ್ಯರೊಂದಿಗೆ ಮಾತಾಡದೆ ನಿಲ್ಲಿಸಬೇಡಿ, ಆದರೆ ಜೊತೆಗಾರರಿಗೆ ತಿಳಿಸಿರಿ.

ಜೊತೆಗಾರರ ಮೇಲೆ ಕಣ್ಣಿಡಿ. ಮಾತು ತೊದಲುವುದು, ಕಾರಣವಿಲ್ಲದೆ ಸಿಡುಕುವುದು, ರೇಡಿಯೋದಲ್ಲಿ ವಿಳಾಸ ತಪ್ಪು ಹೇಳುವುದು ಕಂಡರೆ ತಕ್ಷಣ ಕೆಲಸದಿಂದ ಬಿಡಿಸಿ. ಶಾಖಾಘಾತಕ್ಕೆ ಒಳಗಾದವರಿಗೆ ತಮಗೇನಾಗುತ್ತಿದೆ ಎಂದು ಅರಿವಾಗುವುದಿಲ್ಲ.

ಹಂತ 5: ಬೀದಿಯಲ್ಲಿ ಬಿದ್ದ ರೋಗಿ

ಕಡು ಬೇಸಿಗೆಯ ಮಧ್ಯಾಹ್ನ ಡಾಂಬರು 70 ಡಿಗ್ರಿ ಮುಟ್ಟಬಲ್ಲದು. ಪ್ರಜ್ಞೆ ತಪ್ಪಿ ಬಿದ್ದವರ ಚರ್ಮ ನೆಲಕ್ಕೆ ತಾಗಿದ ಕಡೆಯಲ್ಲೆಲ್ಲ ಸುಡುತ್ತಿರುತ್ತದೆ. ಪರೀಕ್ಷೆಗೆ ಕೂರುವ ಮೊದಲು ಅವರನ್ನು ಶೀಟಿನ ಮೇಲೆ ಎತ್ತಿ ನೆರಳಿಗೆ ತನ್ನಿ. ಏಟು ಬಿದ್ದಿರುವ ಅನುಮಾನವಿದ್ದರೆ ಕುತ್ತಿಗೆ ಹಿಡಿದುಕೊಂಡೇ ಎತ್ತಿ, ಆದರೆ ತಡಮಾಡಬೇಡಿ. ನೀವೂ ಮೆತ್ತೆಯಿಲ್ಲದೆ ಮೊಣಕಾಲೂರಬೇಡಿ. ಆಮೇಲೆ ಬೆನ್ನು, ಪೃಷ್ಠ, ಮೊಣಕೈ, ಹಿಮ್ಮಡಿ ತಿರುಗಿಸಿ ನೋಡಿ. ಮುಂಭಾಗ ಚೆನ್ನಾಗಿ ಕಂಡದ್ದರಿಂದ ಬೆನ್ನಿನ ಸುಟ್ಟಗಾಯ ಆಸ್ಪತ್ರೆ ತಲುಪುವವರೆಗೂ ಗಮನಕ್ಕೆ ಬಾರದೆ ಹೋಗುತ್ತದೆ.

ಬಳಲಿಕೆಗೂ ಶಾಖಾಘಾತಕ್ಕೂ ಇರುವ ಗಡಿ ಮೆದುಳು. ಬಳಲಿದವರು ಸುಸ್ತಾಗಿರುತ್ತಾರೆ, ವಾಂತಿ ಮಾಡುತ್ತಾರೆ, ಆದರೆ ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾರೆ. ಗೊಂದಲ, ಜಗಳ, ಫಿಟ್ಸ್, ಪ್ರಜ್ಞೆ ತಪ್ಪುವುದು ಇದ್ದು, ಒಳಗಿನ ತಾಪ 40 ಡಿಗ್ರಿ ಮೀರಿದ್ದರೆ ಅದು ಶಾಖಾಘಾತ. ಚರ್ಮ ಒಣಗಿರಲೇಬೇಕು ಎಂಬುದು ತಪ್ಪು ತಿಳಿವಳಿಕೆ. ಮನೆಯೊಳಗೆ ಬೆಂದ ವೃದ್ಧರಲ್ಲಿ ಒಣಗಿರಬಹುದು; ದುಡಿಯುತ್ತಾ ಬಿದ್ದ ಯುವಕರು ತೊಯ್ದು ಹೋಗಿರುತ್ತಾರೆ.

ತಾಪವನ್ನು ಗುದದ್ವಾರದಲ್ಲೇ ಅಳೆಯಿರಿ. ಹಣೆ, ಕಿವಿ, ಬಾಯಿ, ಕಂಕುಳಿನ ಅಳತೆ ಇಲ್ಲಿ ನಂಬಲರ್ಹವಲ್ಲ. ಬೆವರಿದ ಹಣೆ 37 ತೋರಿಸುವಾಗ ಒಳಗೆ 42 ಇರಬಹುದು. ಜೊತೆಗೆ ಸಕ್ಕರೆ ನೋಡಲೇಬೇಕು. ಸಕ್ಕರೆ ಇಳಿದವರೂ ಬೆವರುತ್ತಾರೆ, ಗೊಂದಲಗೊಳ್ಳುತ್ತಾರೆ. ಥರ್ಮಾಮೀಟರ್ ಇಲ್ಲವೆಂದು ತಂಪು ಮಾಡುವುದನ್ನು ತಡೆಹಿಡಿಯಬೇಡಿ.

ಹಂತ 6: ತಂಪು ಮಾಡುವುದು

ತಂಪು ಮೊದಲು, ಪ್ರಯಾಣ ಆಮೇಲೆ. ಬಿದ್ದ 30 ನಿಮಿಷದೊಳಗೆ ತಾಪ 40ಕ್ಕಿಂತ ಕೆಳಗಿಳಿಸುವುದು ಗುರಿ. ಐಸ್ ನೀರಿನಲ್ಲಿ ಮುಳುಗಿಸಿದರೆ ನಿಮಿಷಕ್ಕೆ 0.15ರಿಂದ 0.2 ಡಿಗ್ರಿ ಇಳಿಯುತ್ತದೆ, ಅಂದರೆ 42ರಿಂದ 39ಕ್ಕೆ 15–20 ನಿಮಿಷ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಪ್ಯಾಕ್ ಇಡುವುದರಿಂದ ಈ ವೇಗದ ಹತ್ತಿರಕ್ಕೂ ಬರಲಾಗದು. ಚೀಲದ ವಿಧಾನದ ದೊಡ್ಡ ಅನುಕೂಲವೆಂದರೆ ಅದು ಸ್ಟ್ರೆಚರ್ ಮೇಲೆಯೇ ಇರುತ್ತದೆ: ಸ್ಥಳದಲ್ಲೇ ಶುರುಮಾಡಿ, ದಾರಿಯುದ್ದಕ್ಕೂ ಮುಂದುವರಿಸಬಹುದು.

1. ಸ್ಟ್ರೆಚರನ್ನು ತಗ್ಗಿಸಿ, ಪಕ್ಕದ ಸರಳು ಎತ್ತಿ, ಚೀಲ ಬಿಡಿಸಿ ಹಾಸಿ. ನೀರು ಹಾಕಿದ ಮೇಲೆ ಚೀಲ ಸರಿಪಡಿಸಲು ಆಗದು.
2. ಬಟ್ಟೆ, ಶೂ ತೆಗೆದು ರೋಗಿಯನ್ನು ಒಳಗೆ ಮಲಗಿಸಿ. ತಲೆ ಹೊರಗೆ, ಸ್ವಲ್ಪ ಎತ್ತರದಲ್ಲಿ. ಡ್ರಿಪ್ ಮತ್ತು ಬಿಪಿ ಪಟ್ಟಿಗೆ ಒಂದು ಕೈ ಹೊರಗಿರಲಿ. ಥರ್ಮಾಮೀಟರ್ ತಂತಿ ಒಳಗೇ ಇರಲಿ.
3. ಮುಂಡದ ಎರಡೂ ಪಕ್ಕ ಮತ್ತು ಮೇಲೆ ಐಸ್ ಸುರಿದು, ಎದೆ ಮುಳುಗುವವರೆಗೆ ನೀರು ಹಾಕಿ. ಬರೀ ಐಸ್ ಸಾಲದು. ಚರ್ಮಕ್ಕೆ ಎಲ್ಲ ಕಡೆ ತಾಗಿ ಬಿಸಿಯನ್ನು ಒಯ್ಯುವುದು ನೀರು.
4. ಜಿಪ್ಪನ್ನು ಎದೆಯವರೆಗೆ ಎಳೆದು, ಕೈಯಿಂದ ನೀರನ್ನು ಸತತವಾಗಿ ಕದಡುತ್ತಿರಿ. ಕದಡದಿದ್ದರೆ ಮೈಗಂಟಿದ ನೀರು ಬೆಚ್ಚಗಾಗಿ ತಂಪು ನಿಧಾನವಾಗುತ್ತದೆ.
5. ಒಬ್ಬರು ತಲೆಯ ಬಳಿಯೇ ಇರಬೇಕು: ಉಸಿರಿನ ದಾರಿ, ಆಮ್ಲಜನಕ, ವಾಂತಿಗೆ ಸಕ್ಷನ್.
6. ತಾಪ 39ಕ್ಕೆ ಬಂದೊಡನೆ ಹೊರತೆಗೆದು ಒರೆಸಿ. ಇನ್ನೂ ಇಳಿಸಹೋದರೆ ದೇಹ ಅತಿಯಾಗಿ ತಣ್ಣಗಾಗುತ್ತದೆ.

ನೀರು 40 ಲೀಟರ್ ಹಾಕಿದರೆ ಸ್ಟ್ರೆಚರ್ ಮೇಲೆ 40 ಕಿಲೋ ಹೆಚ್ಚುವರಿ ಭಾರ, ಐಸ್ ಬೇರೆ. ಸ್ಟ್ರೆಚರ್‌ನ ತೂಕದ ಮಿತಿ ತಿಳಿದಿರಲಿ, ಎತ್ತಲು ಇಬ್ಬರು ಸಾಲದು. ಚಾಲಕರು ತಿರುವಿನಲ್ಲಿ, ಬ್ರೇಕಿನಲ್ಲಿ ಹದ ಕಾಯಬೇಕು. ಚೆಲ್ಲಿದ ನೀರಿಗೆ ಹಿಂದಿದ್ದವರು ಜಾರುತ್ತಾರೆ.

ಹೃದಯ ನಿಂತರೆ ಚೀಲದೊಳಗೆ ಶಾಕ್ ಕೊಡಬೇಡಿ. ರೋಗಿಯನ್ನು ನೀರಿನಿಂದ ಹೊರತೆಗೆದು, ಎದೆ ಒರೆಸಿ, ಪ್ಯಾಡ್ ಹಾಕಿ. ನಡುಕ ಬಂದಿತೆಂದು ತಂಪು ನಿಲ್ಲಿಸಬೇಡಿ. ಪ್ಯಾರಸಿಟಮಾಲ್, ಆಸ್ಪಿರಿನ್ ಇಲ್ಲಿ ಕೆಲಸ ಮಾಡವು. ಇದು ಸೋಂಕಿನ ಜ್ವರವಲ್ಲ. ಸಲೈನನ್ನು ವೃದ್ಧರಿಗೆ, ಹೃದ್ರೋಗಿಗಳಿಗೆ 250 ಮಿಲಿಯಂತೆ ಸ್ವಲ್ಪಸ್ವಲ್ಪವೇ ಕೊಟ್ಟು ಎದೆಯ ಸದ್ದು ಕೇಳುತ್ತಾ ಹೋಗಿ.

ಚೀಲವೋ ಐಸೋ ಇಲ್ಲದಿದ್ದರೆ ಮೈಯೆಲ್ಲ ತೋಯಿಸಿ ಜೋರಾಗಿ ಗಾಳಿ ಹಾಕಿ. ಒಣ ಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ತೇವ ತುಂಬಿದ ಸೆಕೆಯಲ್ಲಿ ಆವಿಯಾಗುವುದೇ ಕಡಿಮೆ. ಆಗ ಐಸ್ ನೀರಲ್ಲಿ ಅದ್ದಿದ ಟವೆಲ್‌ಗಳನ್ನು ಎರಡು–ಮೂರು ನಿಮಿಷಕ್ಕೊಮ್ಮೆ ಬದಲಿಸುತ್ತಿರಿ.

ಹಂತ 7: ಬೆಂಕಿಯ ಸ್ಥಳದಲ್ಲಿ

ಬೆಂಕಿ ತಡೆಯುವ ಉಡುಪು ಬೆವರು ಆರಲು ಬಿಡುವುದಿಲ್ಲ, ಮೇಲೆ ಉಸಿರಾಟದ ಸಿಲಿಂಡರ್ ಸೇರಿ 20 ಕಿಲೋಗೂ ಹೆಚ್ಚು ಹೊರೆ. ಅಮೆರಿಕದ ಅಗ್ನಿಶಾಮಕ ಮಾನದಂಡ ಎನ್‌ಎಫ್‌ಪಿಎ 1584ರ (ಈಗ ಎನ್‌ಎಫ್‌ಪಿಎ 1580ರಲ್ಲಿ ಸೇರಿದೆ) ಲೆಕ್ಕ ಹೀಗಿದೆ: 30 ನಿಮಿಷದ ಒಂದು ಸಿಲಿಂಡರ್ ಮುಗಿದ ಮೇಲೆ ಕನಿಷ್ಠ 10 ನಿಮಿಷ ವಿರಾಮ, ಎರಡನೆಯದು ಮುಗಿದ ಮೇಲೆ, ಅಥವಾ 45 ಇಲ್ಲವೇ 60 ನಿಮಿಷದ ಒಂದು ಸಿಲಿಂಡರ್ ಮುಗಿದ ಮೇಲೆ ಕನಿಷ್ಠ 20 ನಿಮಿಷ.

ವಿರಾಮದ ಜಾಗ ನೆರಳಿನಲ್ಲಿ, ಹೊಗೆ ಬಾರದ ದಿಕ್ಕಿನಲ್ಲಿರಲಿ. ನಿಮ್ಮದೇ ಆಂಬ್ಯುಲೆನ್ಸ್‌ನ ಸೈಲೆನ್ಸರ್ ಅತ್ತ ತಿರುಗಿರಬಾರದು. ಹೆಲ್ಮೆಟ್, ತಲೆಗವಸು, ಕೈಗವಸು, ಕೋಟು ತೆಗೆಸಿ, ಪ್ಯಾಂಟನ್ನು ಮೊಣಕಾಲಿನವರೆಗೆ ಇಳಿಸಿ ಕೂರಿಸಿ. ಮೊಣಕೈವರೆಗೆ ಎರಡೂ ಕೈಗಳನ್ನು ತಣ್ಣೀರಿನ ತೊಟ್ಟಿಯಲ್ಲಿ 10ರಿಂದ 20 ನಿಮಿಷ ಅದ್ದಿಸಿ. ಮಸಿ ಹಿಡಿದ ಉಡುಪು ಆಂಬ್ಯುಲೆನ್ಸ್ ಒಳಗೆ ಬರಬಾರದು, ಅದರಲ್ಲಿ ಕ್ಯಾನ್ಸರ್ ತರುವ ರಾಸಾಯನಿಕಗಳಿರುತ್ತವೆ.

ನಾಡಿ, ಬಿಪಿ, ತಾಪ ಬರೆದುಕೊಳ್ಳಿ. ಸಾಧಾರಣ ಆಕ್ಸಿಮೀಟರ್ ಕಾರ್ಬನ್ ಮಾನಾಕ್ಸೈಡನ್ನು ಆಮ್ಲಜನಕವೆಂದೇ ಓದುವುದರಿಂದ ಶೇ 99 ಎಂಬ ಸಂಖ್ಯೆಯನ್ನು ನಂಬಬೇಡಿ. ತಲೆನೋವು, ವಾಕರಿಕೆ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಸಾಧನ ಹಾಕಿ, ಆಮ್ಲಜನಕ ಕೊಡಿ. 20 ನಿಮಿಷ ಕೂತರೂ ನಾಡಿ 100ಕ್ಕಿಂತ ಕೆಳಗಿಳಿಯದವರನ್ನು ಮರಳಿ ಒಳಗೆ ಕಳಿಸಬೇಡಿ. ಎದೆ ಬಿಗಿತ ಎಂದವರಿಗೆ ಕೂಡಲೇ ಇಸಿಜಿ. ಅಗ್ನಿಶಾಮಕ ಸಿಬ್ಬಂದಿ ಕರ್ತವ್ಯದಲ್ಲಿ ಸಾಯುವುದಕ್ಕೆ ಅಮೆರಿಕದಲ್ಲಿ ಮೊದಲ ಕಾರಣ ಹಠಾತ್ ಹೃದಯ ಸ್ತಂಭನ. ಹುದ್ದೆಯಲ್ಲಿ ನಿಮಗಿಂತ ದೊಡ್ಡವರಾದರೂ ಈ ವಿಷಯದಲ್ಲಿ ನಿಮ್ಮ ಮಾತೇ ನಡೆಯಬೇಕು. ಅದನ್ನು ಬೇಸಿಗೆಗೆ ಮುಂಚೆಯೇ ಇಲಾಖೆಯಲ್ಲಿ ಬರವಣಿಗೆಯಲ್ಲಿ ಮಾಡಿಸಿಕೊಳ್ಳಿ.

ಹಂತ 8: ಪಾಳಿ ಒಪ್ಪಿಸುವಾಗ

ಚೀಲದ ನೀರನ್ನು ವಾಹನದ ಹೊರಗೆ ಬಸಿದು, ಬಳಸಿದ ಚೀಲ ಎಸೆದು ಹೊಸದನ್ನು ಇಡಿ. ಸ್ಟ್ರೆಚರ್ ಹಾಸಿಗೆಯ ಅಡಿಭಾಗ ಒರೆಸಿ ಒಣಗಿಸಿ. ಐಸ್‌ಬಾಕ್ಸ್ ತೊಳೆದು ಮತ್ತೆ ತುಂಬಿಸಿ. ಪಾಳಿಯಾದ ಮೇಲೆ ಯಾರಿಗಾದರೂ ಸ್ನಾಯುಗಳು ಅತಿಯಾಗಿ ನೊಂದು ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಕಳಿಸಿ. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರುವ ಲಕ್ಷಣವದು. ಮುಂದಿನ ಪಾಳಿಯವರಿಗೆ ನಾಲ್ಕು ವಿಷಯ ಬರೆದಿಡಿ: ಔಷಧಿ ಪೆಟ್ಟಿಗೆ ಮುಟ್ಟಿದ ಗರಿಷ್ಠ ತಾಪ, ಫ್ರಿಜ್‌ನಿಂದ ಹೊರಬಂದ ಬಾಟಲಿಗಳು, ಹಿಂದಿನ ಏಸಿಯ ತಾಪದ ವ್ಯತ್ಯಾಸ, ಉಳಿದಿರುವ ಐಸ್ ಎಷ್ಟು ಕಿಲೋ.